ಕಾವಲುಗಾರ ಎಚ್ಚರವಿದ್ದಾನೆಯೇ?

ಹಳದೀಪುರದ ಚಿಕ್ಕಮ್ಮ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ, ಒಂದು ನೆನಪಿನ ಪುಸ್ತಿಕೆ ತರುವುದೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದರು. ಬರೆಯುವವಳೆಂಬ ಹೆಸರು ಅಂಟಿಸಿಕೊಂಡ ತಪ್ಪಿಗೆ ಮೊದಲ ಎರಡು ಪುಟ ನನ್ನ ಪಾಲಿಗೆ ಬಂತು. ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಚಿಕ್ಕಮ್ಮನ ಮಗಳು ಓದಿ, "ಚೆನ್ನಾಗಿ ಬಂದಿದೆ ಅಕ್ಕ" ಎಂದಳು. ನನಗೂ ಹಾಗೇ ಅನಿಸಿತ್ತು.

ಅದನ್ನು ಟೈಪು ಮಾಡಿಕೊಡಲು ಅಣ್ಣನ ಮಗ ಬಂದ. ನನ್ನ ಕಂಪ್ಯೂಟರ್ ತೆರೆದವನೇ ನಕ್ಕ. "ಅತ್ತೆ, ನಿಮ್ಮ ವೈರಸ್ ಕಾವಲಿನ ಅವಧಿ ಮುಗಿದು ವರ್ಷವಾಯಿತು. ಮೂಲೆಯಲ್ಲಿ ಚಿತ್ರ ಮಾತ್ರ ಕೂತಿದೆ." ಹೊಸ ವೈರಸ್‌ಗಳ ಗುರುತಿನ ಪಟ್ಟಿ ಆಗಾಗ ಬರುತ್ತಿರಬೇಕಂತೆ, ಪಟ್ಟಿ ಹಳತಾದರೆ ಕಾವಲುಗಾರನಿಗೆ ಹೊಸ ಕಳ್ಳನ ಮುಖವೇ ತಿಳಿಯದು. ಎಲ್ಲ ಸರಿಪಡಿಸಿದ ಮೇಲೆ ಅವನೊಂದು ಪರೀಕ್ಷೆ ಮಾಡಿದ. ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಿನ ಒಂದು ಕಡತವಿದೆ. ಅದರಲ್ಲಿರುವುದು ಬರೀ 68 ಅಕ್ಷರಗಳ ಒಂದು ಸಾಲು. ಅದು ಯಾರಿಗೂ ಕೇಡು ಮಾಡುವುದಿಲ್ಲ. ಆದರೆ ಅದನ್ನು ಕಂಡರೆ ಕಾವಲಿನ ತಂತ್ರಾಂಶ ಕೂಗಿಕೊಳ್ಳಬೇಕು. ಕೂಗಿತು. "ಎಚ್ಚರ ಇದ್ದಾನೆ ಅತ್ತೆ. ಎಲ್ಲ ಕಳ್ಳರನ್ನೂ ಹಿಡಿಯುತ್ತಾನೆ ಅಂತಲ್ಲ, ನಿದ್ದೆ ಮಾಡಿಲ್ಲ ಅಷ್ಟೆ."

ಅವನು ಹೋದ ಮೇಲೆ ನನ್ನ ಎರಡು ಪುಟಗಳನ್ನು ಮತ್ತೆ ತೆಗೆದೆ. ಸವಕಲು ಮಾತು ನನ್ನ ಹತ್ತಿರ ಸುಳಿಯುವುದಿಲ್ಲವೆಂದು ನಂಬಿದವಳು ನಾನು. ಆ ಕಾವಲಿಗೂ ಒಂದು ಪರೀಕ್ಷೆ ಬೇಡವೇ? ಚಿಕ್ಕಮ್ಮನ ಹೆಸರು ಹೊಡೆದು ಅಲ್ಲಿ ಪಕ್ಕದ ಮನೆಯಾಕೆಯ ಹೆಸರು ಬರೆದೆ. 'ಎಲೆಮರೆಯ ಕಾಯಿ', 'ಸಹನೆಯ ಸಾಕಾರಮೂರ್ತಿ', 'ತ್ಯಾಗಮಯಿ', 'ತುಂಬಲಾರದ ನಷ್ಟ'. ಎಲ್ಲವೂ ಆಕೆಗೂ ಸರಿಯಾಗಿ ಕೂತವು. ಆಕೆ ಇನ್ನೂ ಬದುಕಿದ್ದಾಳೆ ಎಂಬುದೊಂದೇ ತೊಡಕು!

ಇಂಥ ಮಾತಿಗೆ ವಿಮರ್ಶಕರು 'ಕ್ಲೀಷೆ' ಎನ್ನುತ್ತಾರೆ. ಇದು ಫ್ರೆಂಚ್ ಮುದ್ರಕರಿಂದ ಬಂದ ಪದ. ಪ್ರತಿ ಸಲ ಮೊಳೆ ಜೋಡಿಸುವ ಶ್ರಮ ಬೇಡವೆಂದು ಎರಕ ಹೊಯ್ದಿಟ್ಟ ಅಚ್ಚಿನ ಫಲಕಕ್ಕೆ ಆ ಹೆಸರಿತ್ತು. ನನ್ನ ಬರಹ ಒಂದೇ ಸಂಜೆಯಲ್ಲಿ ಮುಗಿದದ್ದು ಹೇಗೆಂದು ಈಗ ತಿಳಿಯಿತು.

ಹೆಂಗಸರ ಮಟ್ಟಿಗೆ ಈ ಫಲಕದಿಂದ ಇನ್ನೂ ಒಂದು ಕೇಡಿದೆ. ಗಂಡಸು ಸತ್ತರೆ ಅವನು ಕಟ್ಟಿದ ಮನೆ, ಗೆದ್ದ ಮೊಕದ್ದಮೆ ನೆನಪಿಗೆ ಬರುತ್ತವೆ. ನಮಗೆ ಮಾತ್ರ ಸಹನೆ, ತ್ಯಾಗ. ನಮ್ಮ ಸಿಟ್ಟು, ಹಟ, ಲೆಕ್ಕಾಚಾರಗಳೆಲ್ಲ ಆ ಎರಡು ಪದಗಳ ಅಡಿಯಲ್ಲಿ ಹೂತುಹೋಗುತ್ತವೆ. ಒಳ್ಳೆಯ ಲೇಖಕರು ಹಾಗೆ ಹೂಳುವುದಿಲ್ಲ. ಪಕ್ಕದ ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ಹನೇಹಳ್ಳಿಯ ಕತೆ ಬರೆದರು. ಬೇರೆ ಊರಿನ ಹೆಸರಿಟ್ಟರೆ ಆ ಕತೆ ನಿಲ್ಲುವುದಿಲ್ಲ. ವೈದೇಹಿಯವರ ಹೆಂಗಸರ ಬಾಯಿಂದ ಕುಂದಾಪುರದ ಮಾತು ತೆಗೆದುಹಾಕಿ ನೋಡಿ, ಅವರು ಅವರಾಗಿ ಉಳಿಯುವುದಿಲ್ಲ.

ಹಾಗೆಂದು ಹಳೆಯ ಮಾತನ್ನೆಲ್ಲ ಹೊರಗೆಸೆಯಬೇಕಿಲ್ಲ. ಒಳ್ಳೆಯ ಕಡತವನ್ನೇ ವೈರಸ್ ಎಂದು ಕೂಗುವ ಕಾವಲುಗಾರನೂ ಇರುತ್ತಾನಂತೆ. ಬೈಯುವಾಗ ಚಿಕ್ಕಮ್ಮ ಎತ್ತಿ ಹೇಳುತ್ತಿದ್ದ ಗಾದೆಗಳು ನೂರಾರು ವರ್ಷ ಹಳೆಯವು. ಆದರೆ ಅವಳ ಬಾಯಲ್ಲಿ ಅವು ಆಗಷ್ಟೇ ಒಲೆಯಿಂದ ಇಳಿಸಿದಷ್ಟು ಬಿಸಿಯಾಗಿರುತ್ತಿದ್ದವು.

ಮತ್ತೆ ಬರೆದೆ. ಈ ಸಲ ಹದಿನೈದು ದಿನ ಹಿಡಿಯಿತು. ಚಿಕ್ಕಮ್ಮ ಸಹನಾಮೂರ್ತಿಯಾಗಿರಲಿಲ್ಲ ಎಂದು ಬರೆದೆ. ಹಿತ್ತಲಿನ ಪಾಲಿನ ವಿಷಯದಲ್ಲಿ ತಮ್ಮನೊಡನೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದಳು. ಆದರೆ ಪ್ರತಿ ಬೇಸಿಗೆಯಲ್ಲಿ, ನಮ್ಮ ಕಡೆ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕುವ ಸಿಹಿ ನೀರುಳ್ಳಿಯ ಒಂದು ಜಡೆಯನ್ನು ಯಾರದೋ ಕೈಲಿ ಅವನ ಮನೆಗೆ ಕಳಿಸುತ್ತಿದ್ದಳು. "ಯಾರು ಕೊಟ್ಟರೆಂದು ಹೇಳಬೇಡ" ಎಂದು ತಾಕೀತು ಬೇರೆ. ಕಳಿಸಿದವಳು ಯಾರೆಂದು ಅವನಿಗೆ ಗೊತ್ತಿತ್ತು.

ಇದನ್ನು ಚಿಕ್ಕಮ್ಮನ ಮಗಳ ಕೈಗಿಡುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಓದಿ ತುಂಬಾ ಹೊತ್ತು ಸುಮ್ಮನಿದ್ದಳು. "ಇದೆಲ್ಲ ಅಚ್ಚಿಗೆ ಬೇಕಾ ಅಕ್ಕ?" ಎಂದಳು. ನಾನು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಪೆನ್ನು ತೆಗೆದುಕೊಂಡು 'ಹನ್ನೆರಡು' ಎಂಬುದನ್ನು ಹೊಡೆದು 'ಹದಿನಾಲ್ಕು' ಎಂದು ಬರೆದಳು.

ಮೊದಲಿನ ಎರಡು ಪುಟಗಳಲ್ಲಿ ಅವಳು ಒಂದು ಅಕ್ಷರವನ್ನೂ ತಿದ್ದಿರಲಿಲ್ಲ.