ಕಾಯುವುದಕ್ಕೂ ಲೆಕ್ಕ ಬೇಕು

ಸಿಯಾಟಲ್ ಬಳಿಯ ಬೆಲ್ವ್ಯೂ, ರೆಡ್ಮಂಡ್, ಸಮಾಮಿಶ್ ಕಡೆಯ ಕನ್ನಡದ ಮನೆಗಳಲ್ಲಿ ಊಟವಾದ ಮೇಲೆ ಮಾತು ಷೇರಿನತ್ತ ಹೊರಳುತ್ತದೆ. ಸಂಬಳದ ಒಂದು ಪಾಲು ಷೇರಿನ ರೂಪದಲ್ಲೇ ಬರುವ ಊರಿದು. ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು: "ಬಿದ್ರೆ ಬೀಳ್ಲಿ ಬಿಡಿ, ಲಾಂಗ್ ಟರ್ಮ್‌ಗೆ ಇಟ್ಟಿದ್ದೀನಿ." ಯಾರದೋ ವಿಡಿಯೊ ನೋಡಿ ಕೊಂಡ ಸಣ್ಣ ಕಂಪನಿಯ ಷೇರು ಅರ್ಧಕ್ಕಿಳಿದ ಮೇಲೆ ಹುಟ್ಟುವ ಈ ತಾಳ್ಮೆಯನ್ನು ಹೂಡಿಕೆ ಎಂದು ನಾನು ಒಪ್ಪಲಾರೆ. ಇದಕ್ಕೆ ಬೆಂಗಳೂರಿನವರು ಇನ್ಫೋಸಿಸ್ ಕಡೆ ಕೈ ತೋರಿಸುತ್ತಾರೆ. 1993ರಲ್ಲಿ ಅದರ 95 ರೂಪಾಯಿಯ ಷೇರಿಗೆ ಪೂರ್ತಿ ಅರ್ಜಿಗಳೂ ಬಂದಿರಲಿಲ್ಲ, ಆದರೆ ಕಾದವರು ಗೆದ್ದರು. ಸಿಯಾಟಲ್‌ನವರಿಗೆ ಅಮೆಜಾನ್ ಇದೆ. ಹಾಗಾದರೆ ಅದರ ಸ್ಥಾಪಕ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ 1997ರ ಪತ್ರವನ್ನೇ ಓದೋಣ.

ಆಗ ಅಮೆಜಾನ್ ಪುಸ್ತಕ ಮಾರುವ ಸಣ್ಣ ಕಂಪನಿ. ಆ ವರ್ಷದ ಮೇ ತಿಂಗಳಲ್ಲಿ 18 ಡಾಲರ್‌ನಂತೆ ಷೇರು ಬಿಟ್ಟಿತ್ತು. ಪತ್ರ ಕೊಡುವ ಲೆಕ್ಕ ನೋಡಿ: ಒಂದೇ ವರ್ಷದಲ್ಲಿ ಮಾರಾಟ 1.57 ಕೋಟಿ ಡಾಲರ್‌ನಿಂದ 14.78 ಕೋಟಿಗೆ, ಗ್ರಾಹಕರು 1.8 ಲಕ್ಷದಿಂದ 15.1 ಲಕ್ಷಕ್ಕೆ, ನೌಕರರು 158ರಿಂದ 614ಕ್ಕೆ. ಲೆಕ್ಕಪತ್ರ ಚೆಂದ ಕಾಣಬೇಕೋ, ಮುಂದೆ ನಗದು ಹೆಚ್ಚು ಹರಿದು ಬರಬೇಕೋ ಎಂಬ ಪ್ರಶ್ನೆ ಎದ್ದರೆ ನಗದಿನ ಕಡೆಗೇ ನಿಲ್ಲುತ್ತೇವೆ ಎಂದು ಪತ್ರ ಮೊದಲೇ ಹೇಳುತ್ತದೆ. ಇದು ನಿಮ್ಮ ಹೂಡಿಕೆಯ ರೀತಿಗೆ ಹೊಂದುತ್ತದೆಯೇ ನೋಡಿಕೊಳ್ಳಿ ಎನ್ನುತ್ತದೆ. ಮುಂದಿನ ವರ್ಷಗಳ ಪತ್ರಗಳಿಗೂ ಇದೇ ಪತ್ರವನ್ನು ಲಗತ್ತಿಸುತ್ತ ಬಂದರು. ಕೊಟ್ಟ ಮಾತನ್ನು ಓದುಗ ವರ್ಷವರ್ಷವೂ ತಾಳೆ ನೋಡಬಹುದಿತ್ತು. ಇದಕ್ಕಿಂತ ಪ್ರಾಮಾಣಿಕವಾದ ಷೇರುದಾರರ ಪತ್ರವನ್ನು ನಾನು ಓದಿಲ್ಲ.

ಆದರೆ ಯಾವ ಬೆಲೆಗೆ ಕೊಳ್ಳಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅಲ್ಲಿಗೆ ನುಗ್ಗಿದ್ದೇ ಗದ್ದಲ. 1998ರ ಡಿಸೆಂಬರ್‌ನಲ್ಲಿ ಹೆನ್ರಿ ಬ್ಲಾಜೆಟ್ ಎಂಬ ವಿಶ್ಲೇಷಕ ಈ ಷೇರು ವರ್ಷದೊಳಗೆ 400 ಡಾಲರ್ ಮುಟ್ಟುತ್ತದೆ ಎಂದರು. ಕೆಲವೇ ವಾರಗಳಲ್ಲಿ ಮುಟ್ಟಿಯೂ ಬಿಟ್ಟಿತು. ಮೂರು ಸಲ ವಿಭಜನೆಯಾದ ಮೇಲೂ 1999ರ ಡಿಸೆಂಬರ್‌ನಲ್ಲಿ ಬೆಲೆ 100 ದಾಟಿತ್ತು. 2001ರಲ್ಲಿ 6 ಡಾಲರ್‌ಗಿಂತ ಕೆಳಗೆ ಬಿತ್ತು. ವ್ಯಾಪಾರ ಮಾತ್ರ ಬಿದ್ದಿರಲಿಲ್ಲ: 2000ದಲ್ಲಿ ಮಾರಾಟ 164 ಕೋಟಿ ಡಾಲರ್‌ನಿಂದ 276 ಕೋಟಿಗೇರಿತ್ತು. ಮೊದಲ ದಿನ 18 ಕೊಟ್ಟವರ ಒಂದು ಷೇರು ವಿಭಜನೆಗಳಿಂದಾಗಿ ಆ ಹೊತ್ತಿಗೆ 12 ಷೇರಾಗಿತ್ತು. ಅಂದರೆ 6 ಡಾಲರ್‌ಗೆ ಕುಸಿದಾಗಲೂ ಅವರ ಕೈಯಲ್ಲಿ 72 ಡಾಲರ್ ಇತ್ತು. ಗದ್ದಲದ ತುದಿಯಲ್ಲಿ ಕೊಂಡವರು ತಮ್ಮ ಅಸಲು ಕಾಣಲು 2009ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಇಬ್ಬರೂ ಲಾಂಗ್ ಟರ್ಮ್‌ನವರೇ!

ಅವರಿಗಾದರೂ ಅಸಲು ಸಿಕ್ಕಿತು. ಇಲ್ಲೇ ಕರ್ಕ್‌ಲೆಂಡ್‌ನಲ್ಲಿ ಹೋಮ್‌ಗ್ರೋಸರ್ ಎಂಬ ಕಂಪನಿಯಿತ್ತು. ಪೀಚ್ ಹಣ್ಣಿನ ಚಿತ್ರವಿದ್ದ ಅದರ ಲಾರಿಗಳು ಮನೆಬಾಗಿಲಿಗೆ ದಿನಸಿ ತರುತ್ತಿದ್ದವು. ಅಮೆಜಾನ್ ಕೂಡ ಅದರಲ್ಲಿ ದುಡ್ಡು ಹಾಕಿತ್ತು. 2000ದ ಮಾರ್ಚ್‌ನಲ್ಲಿ 12 ಡಾಲರ್‌ಗೆ ಷೇರು ಬಿಟ್ಟು, ಅದೇ ವರ್ಷ ಇನ್ನೊಂದು ದಿನಸಿ ಕಂಪನಿಯಾದ ವೆಬ್‌ವ್ಯಾನ್ ಜೊತೆ ವಿಲೀನವಾಯಿತು. 2001ರ ಜುಲೈಯಲ್ಲಿ ವೆಬ್‌ವ್ಯಾನ್ ಬಾಗಿಲು ಹಾಕಿತು. ಹೋಮ್‌ಗ್ರೋಸರ್ ಬರೀ ಬಾಯಿಮಾತಿನ ಕಂಪನಿಯಾಗಿರಲಿಲ್ಲ. ಆದರೆ ಪ್ರತಿ ಹೊಸ ಊರಿಗೂ ಮೊದಲು ಗೋದಾಮು, ಲಾರಿ, ಚಾಲಕರು ಬೇಕು, ಆಮೇಲೆ ಗ್ರಾಹಕರು. ಅಮೆಜಾನ್ ಗ್ರಾಹಕರ ಕಾರ್ಡಿನಿಂದ ಹಣ ಮೊದಲು ಪಡೆದು, ಪೂರೈಕೆದಾರರಿಗೆ ವಾರಗಳ ನಂತರ ಕೊಡುತ್ತಿತ್ತು. ನಗದು ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬ ಈ ವ್ಯತ್ಯಾಸವನ್ನು ಬೆಲೆಯ ಗ್ರಾಫ್ ನೋಡುತ್ತ ಕೂತವರು ಕಾಣಲು ಸಾಧ್ಯವಿರಲಿಲ್ಲ. ಹೋಮ್‌ಗ್ರೋಸರ್ ಷೇರನ್ನು ಹತ್ತು ವರ್ಷ ಹಿಡಿದಿಟ್ಟುಕೊಂಡಿದ್ದರೂ ಕೈಗೆ ಸಿಗುತ್ತಿದ್ದುದು ಸೊನ್ನೆ.

ಅಮೆರಿಕದ ಷೇರುಪೇಟೆಯಲ್ಲಿ ನೋಂದಾಯಿತವಾದ ಸಣ್ಣ ಕಂಪನಿಗಳ ವಾರ್ಷಿಕ ವರದಿ, ನಗದು ಹರಿವಿನ ಪುಟದ ಸಮೇತ, ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ಎಂಬ ಸಂಗ್ರಹದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಮುಂದಿನ ಸಲ ಊಟದ ಮನೆಯಲ್ಲಿ ಯಾರಾದರೂ ಷೇರಿನ ಹೆಸರು ಹೇಳಿದರೆ, ಆ ಕಂಪನಿಯ ಕೈಯಲ್ಲಿ ಇನ್ನೆಷ್ಟು ತಿಂಗಳಿಗಾಗುವಷ್ಟು ನಗದಿದೆ ಎಂದು ಕೇಳಿ.