ತಲೆಯ ಮೇಲಿನ ಹಂಚು

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಗುಡಗೇರಿಯ ಕಡೆಯ ಹಳೆಯ ಓಣಿಗಳಲ್ಲಿ ಮೇಲ್ಮುದ್ದೆ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಏಪ್ರಿಲ್ ಕೊನೆಯ ಮಧ್ಯಾಹ್ನ ಎರೆಹೊಲ ದಾಟಿ ಬಂದವರು ಅಂಥ ಮನೆಯ ಪಡಸಾಲೆಯಲ್ಲಿ ಐದು ನಿಮಿಷ ಕೂತರೆ ಸಾಕು, ಬೆವರು ತಾನಾಗಿ ಆರುತ್ತದೆ. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ದಪ್ಪಗೆ ಹಾಸಿ ಬಡಿದ ಮಣ್ಣು, ನಡುವೆ ಒಂದು ಬೆಳಕಿಂಡಿ. ಬೆಳಗಿನ ಬಿಸಿಲು ಇಷ್ಟು ಮಣ್ಣನ್ನು ದಾಟಿ ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆ ಹೊತ್ತಿಗೆ ಮನೆಮಂದಿ ಕಟ್ಟೆಯ ಮೇಲೆ ಗಾಳಿಗೆ ಕೂತಿರುತ್ತಾರೆ.

ಇದೇ ಸೀಮೆಯ ಒಂದು ಗ್ರಾಮ ಮಟ್ಟದ ಕಚೇರಿಗೆ ಕಾಗದವೊಂದರ ಕೆಲಸಕ್ಕೆ ನಾನು ಮೂರು ದಿನ ಅಲೆದೆ. ಊರಿನ ಹೆಸರು ಇಲ್ಲಿ ಬೇಡ, ಏಕೆಂದರೆ ಅದು ಯಾವ ಊರಿನ ಕಚೇರಿಯೂ ಆಗಿರಬಹುದು. ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬು, ಪಶ್ಚಿಮಕ್ಕೆ ಮುಖ, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಕಂಪ್ಯೂಟರ್ ಮುಂದೆ ಕೂತ ಹುಡುಗಿಯನ್ನು ಕೇಳಿದೆ: 'ಯಾಕ ತಂಗೀ, ಹಾಡೇಹಗಲು ಟ್ಯೂಬ್‌ಲೈಟ್ ಹಚ್ಚೀರಿ?' 'ಕಿಡಕಿ ಬೆಳಕು ಸ್ಕ್ರೀನ್ ಮ್ಯಾಲ ಬೀಳತೈತ್ರೀ, ಏನೂ ಕಾಣಂಗಿಲ್ಲ. ಅದಕ್ಕ ಪರದೆ ಎಳದು ಲೈಟ್ ಹಚ್ಚೇನಿ. ಮೂರು ಗಂಟೆ ಆದ ಮ್ಯಾಲ ಬರ್ರಿ, ತಲೀ ಮ್ಯಾಲ ಹಂಚು ಇಟ್ಟಂಗ ಆಗಿರತೈತಿ.'

ಹಂಚು ಎಂದರೆ ಇಲ್ಲಿ ರೊಟ್ಟಿ ಬೇಯಿಸುವ ಹಂಚು. ನಮ್ಮ ಸಣ್ಣ ಕಚೇರಿಗಳ ಕಟ್ಟಡದ ಬಗ್ಗೆ ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಓದಿಲ್ಲ. ಗುಡಗೇರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮುಗಿದು ಮೇ ಹುಟ್ಟುವ ಹೊತ್ತಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆ ದಿನಗಳಲ್ಲಿ ಕಟ್ಟಡ ತಿನ್ನುವ ಬಿಸಿಲಿನ ಬಹುಪಾಲು ಬೀಳುವುದು ಮಾಳಿಗೆಯ ಮೇಲೆ, ಮಧ್ಯಾಹ್ನದ ಮೇಲೆ ಪಶ್ಚಿಮದ ಗೋಡೆಯ ಮೇಲೆ. ತೆಳು ಕಾಂಕ್ರೀಟು ಅದನ್ನು ಹೀರಿ ಕೆಲವೇ ಗಂಟೆಗಳಲ್ಲಿ ಕೆಳಗೆ ಕೂತವರ ತಲೆಗೆ ಇಳಿಸುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ನೆಲವಾದ್ದರಿಂದ ಇಲ್ಲಿ ಬುನಾದಿಗೆ ಹೆಚ್ಚು ದುಡ್ಡು ಹಾಕಲೇಬೇಕು, ಒಪ್ಪೋಣ. ಆದರೆ ಬುನಾದಿ ಮುಗಿದ ಮೇಲೆ ಅಂದಾಜುಪಟ್ಟಿಯಲ್ಲಿ ಉಳಿದ ಹಣ ಮುಂಭಾಗದ ಕಮಾನಿಗೆ, ಟೈಲ್ಸಿಗೆ, ಒಬ್ಬರ ಕೋಣೆಯ ಸುಳ್ಳು ಛಾವಣಿಗೆ ಹೋಗುತ್ತದೆ. ಮಾಳಿಗೆಗೆ ಒಂದು ಪದರ ಸುಣ್ಣವೂ ಬೀಳುವುದಿಲ್ಲ.

ಹಳೆಯದನ್ನು ಹೊಗಳಿ ಹೊಸದನ್ನು ತೆಗಳುವುದು ಸುಲಭ, ಅದನ್ನು ನಾನು ಮಾಡಲಾರೆ. ಮೇಲ್ಮುದ್ದೆ ಮನೆಯಲ್ಲಿ ಬೆಳಕಿಂಡಿಯ ಕೆಳಗಷ್ಟೇ ಓದಲು ಬರುತ್ತದೆ, ಮೂಲೆಯಲ್ಲಿ ಕತ್ತಲು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕದಿದ್ದರೆ ಸೋರುತ್ತದೆ. ಗೆದ್ದಲು ಜಂತೆಯನ್ನು ಬಿಡುವುದಿಲ್ಲ. ನಲವತ್ತು ಜನ ಒಟ್ಟಿಗೆ ಬಂದು ನಿಲ್ಲುವ ಕಚೇರಿಯನ್ನು ಹಾಗೆ ಕಟ್ಟಲಾಗುವುದಿಲ್ಲ. ಅದರಿಂದ ಕಲಿಯಬೇಕಾದ್ದು ಒಂದೇ: ಕಟ್ಟಿದವರು ಮೊದಲು ಸೂರಿನ ಬಗ್ಗೆ ಯೋಚಿಸಿದ್ದರು.

ಬೆಂಗಳೂರಿನ ದೊಮ್ಮಲೂರಿನಲ್ಲಿರುವ, ಇಂಧನ ಸಂಶೋಧನೆಯ ಟೆರಿ ಸಂಸ್ಥೆಯ ಕಚೇರಿ, ಜಾಗದ ತೊಂದರೆಯನ್ನೇ ಮೊದಲು ನೋಡುವ ಇದೇ ಬಗೆಯ ಯೋಚನೆಯಿಂದ ಹುಟ್ಟಿದ್ದು. ವಾಸ್ತುಶಿಲ್ಪಿ ಸಂಜಯ್ ಮೋಹೆ. ನಿವೇಶನದ ದಕ್ಷಿಣಕ್ಕೆ ದುರ್ವಾಸನೆಯ ತೆರೆದ ಚರಂಡಿ ಇತ್ತು. ಮೋಹೆ ಕಟ್ಟಡದ ಬೆನ್ನನ್ನು ಆ ಕಡೆ ತಿರುಗಿಸಿ ದಕ್ಷಿಣದ ಗೋಡೆಯನ್ನು ಮುಚ್ಚಿದರು. ಅದಕ್ಕೆ ಕಪ್ಪು ಕಡಪಾ ಕಲ್ಲು ಹೊದಿಸಿ, ಕಲ್ಲಿಗೂ ಗೋಡೆಗೂ ನಡುವೆ ಗಾಳಿ ಏರಲು ಸಂದು ಬಿಟ್ಟರು. ಬಿಸಿಲಿಗೆ ಕಲ್ಲು ಕಾದಂತೆ ಸಂದಿನ ಗಾಳಿ ಮೇಲೇರುತ್ತದೆ, ಅದರ ಹಿಂದೆ ಉತ್ತರದ ತಂಪು ಗಾಳಿ ಕಟ್ಟಡದೊಳಗೆ ಹಾದು ಬರುತ್ತದೆ. ಉತ್ತರದ ಸೌಮ್ಯ ಬೆಳಕು ಮೇಜುಗಳವರೆಗೆ ತಲುಪುತ್ತದೆ. ನಿವೇಶನದ ಕೊರತೆಯಿಂದಲೇ ಇಡೀ ವಿನ್ಯಾಸವನ್ನು ಎತ್ತಿ ನಿಲ್ಲಿಸಿದ ಈ ಕಟ್ಟಡದ ಮೇಲೆ ನನಗೆ ತುಂಬ ಗೌರವವಿದೆ. ಆದರೆ ಅದರ ರೂಪವನ್ನು ತಂದು ಕುಂದಗೋಳ ತಾಲ್ಲೂಕಿನಲ್ಲಿ ನೆಟ್ಟರೆ ತಪ್ಪಾದೀತು. ಬೆಂಗಳೂರಿನ ಎತ್ತರವೂ ಹವೆಯೂ ಅದಕ್ಕೆ ಅರ್ಧ ನೆರವು ಕೊಟ್ಟಿವೆ. ನಮಗೆ ತ್ರಾಸು ಕೊಡುವ ಏಪ್ರಿಲ್–ಮೇ ತಿಂಗಳಲ್ಲಿ ದಕ್ಷಿಣದ ಗೋಡೆಗೆ ಬೀಳುವ ಬಿಸಿಲೇ ಕಡಿಮೆ. ನಮ್ಮ ಚರಂಡಿ ನಮ್ಮ ತಲೆಯ ಮೇಲಿದೆ. ಪರಿಹಾರ ಮಾಳಿಗೆಯಿಂದ ಹುಟ್ಟಬೇಕು.

ಅದು ಕಷ್ಟವೂ ಅಲ್ಲ. ಬೇಸಿಗೆಗೆ ಮುಂಚೆ ಸ್ಲ್ಯಾಬಿಗೆ ಬೆಳ್ಳಗೆ ಸುಣ್ಣ ಬಳಿಯಬಹುದು. ಮಣ್ಣಿನ ಗಡಿಗೆಗಳನ್ನು ಬೋರಲು ಹಾಕಿ ಮೇಲೆ ಗಾರೆ ಎಳೆಯುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು, ಗಡಿಗೆಯೊಳಗಿನ ಗಾಳಿಯೇ ಬಿಸಿಲಿಗೆ ಅಡ್ಡ. ಕಚೇರಿ ನಡೆಯುವುದು ಹಗಲಲ್ಲಿ, ಸೌರ ವಿದ್ಯುತ್ತು ಬರುವುದೂ ಹಗಲಲ್ಲಿ. ಮಾಳಿಗೆಯ ಮೇಲೆ ಒಂದಾಳೆತ್ತರಕ್ಕೆ ಸೌರ ಫಲಕಗಳನ್ನು ಕೂರಿಸಿದರೆ ಕರೆಂಟಿನ ಜೊತೆ ನೆರಳೂ ಸಿಗುತ್ತದೆ. ಕಿಟಕಿಯ ಮಾತೂ ಇಲ್ಲೇ ಬಂದುಬಿಡಲಿ. ಸ್ಲೈಡಿಂಗ್ ಕಿಟಕಿಯನ್ನು ಎಷ್ಟು ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ. ಹಳೆಯ ಕಟ್ಟಿಗೆಯ ಕಿಟಕಿಗೆ ಕೆಳಗೆರಡು, ಮೇಲೆರಡು ಕದ. ಎರೆನಾಡಿನ ದೂಳಿಗೆ ಕೆಳಗಿನವನ್ನು ಮುಚ್ಚಿ, ಕಾದ ಗಾಳಿ ಹೊರಹೋಗಲು ಮೇಲಿನವನ್ನು ತೆರೆಯುತ್ತಿದ್ದರು. ಅದನ್ನು ನಾವು ಬಿಟ್ಟುಕೊಟ್ಟದ್ದಕ್ಕೆ ಒಂದು ಒಳ್ಳೆಯ ಕಾರಣವೂ ನನಗೆ ಕಾಣುತ್ತಿಲ್ಲ.

ಇವೆಲ್ಲವನ್ನೂ ಬಿಟ್ಟು ನಾವು ಹಿಡಿದ ದಾರಿ ಎ.ಸಿ. ಅದೂ ಒಂದೇ, ಮುಖ್ಯಸ್ಥರ ಕೋಣೆಗೆ. ಒಂದೂವರೆ ಟನ್ನಿನ ಎ.ಸಿ. ಹೆಚ್ಚುಕಡಿಮೆ 1500 ವ್ಯಾಟ್ ಎಳೆಯುತ್ತದೆ. ಹಳೆಯ ಸೀಲಿಂಗ್ ಫ್ಯಾನಿಗೆ 75 ವ್ಯಾಟ್ ಬೇಕು, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು. ಅಂದರೆ ಒಂದು ಎ.ಸಿ.ಯ ಕರೆಂಟಿನಲ್ಲಿ ಹಳೆಯ ಫ್ಯಾನು 20, ಹೊಸವು 50 ತಿರುಗುತ್ತವೆ. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಹೊಸ ಫ್ಯಾನು ಎರಡು ಪಟ್ಟಿಗೂ ಹೆಚ್ಚು ಹೊತ್ತು ಓಡುತ್ತದೆ, ಹಳ್ಳಿಗೆ ಇದು ಸಣ್ಣ ಮಾತಲ್ಲ. ಭಾರತದ ಐದು ನಗರಗಳ ಕಚೇರಿಗಳಲ್ಲಿ ಜನರನ್ನೇ ಕೇಳಿ 2014ರಲ್ಲಿ ರೂಪಿಸಿದ ಸೌಖ್ಯದ ಮಾದರಿಯೊಂದಿದೆ, ಬೆಂಗಳೂರೂ ಆ ಐದರಲ್ಲಿ ಒಂದು. ಕಿಟಕಿ ತೆರೆದು ಫ್ಯಾನಿನಡಿ ಕೆಲಸ ಮಾಡುವವರು ವಿದೇಶಿ ಕೈಪಿಡಿಗಳು ಹೇಳುವುದಕ್ಕಿಂತ ಹೆಚ್ಚಿನ ಸೆಕೆಯಲ್ಲೂ ಆರಾಮಾಗಿರುತ್ತಾರೆ ಎಂಬುದನ್ನು ಅದು ತೋರಿಸಿತು. 2020ರ ಜನವರಿಯಿಂದ ನಕ್ಷತ್ರ ಗುರುತಿನ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವೂ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಆದರೆ ಕಟ್ಟಡಗಳ ಇಂಧನ ಸಂಹಿತೆ ಅನ್ವಯಿಸುವುದು 100 ಕಿಲೋವ್ಯಾಟ್‌ಗೂ ಮೇಲಿನ ದೊಡ್ಡ ಕಟ್ಟಡಗಳಿಗೆ. ಹಳ್ಳಿಯ ಕಚೇರಿ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಖರ್ಚೇ ಇಲ್ಲದ ಒಂದು ಉಪಾಯವನ್ನು ನಮ್ಮ ಸರ್ಕಾರ ಬಹಳ ದಿನದಿಂದ ಬಲ್ಲದು. ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಏಪ್ರಿಲ್–ಮೇ ತಿಂಗಳಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತದೆ. ಹಂಚು ಕಾಯುವ ಮುಂಚೆ ಕೆಲಸ ಮುಗಿಯುತ್ತದೆ. ಆ ಪಟ್ಟಿಯಲ್ಲಿ ಧಾರವಾಡ ಜಿಲ್ಲೆಯಿಲ್ಲ. ಮಲೆನಾಡಿನ ಸೆರಗಿನ ಕಲಘಟಗಿಗೆ ಬೇಡವೆನಿಸಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಯಲಿಗೆ ಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೂರುವ ವಿಚಾರ. ಈ ಭಾಗದ ಅಡತಿ ಅಂಗಡಿಗಳಲ್ಲಿ ದಿವಾಣಜಿಗಳು ಗಾದಿಯ ಮೇಲೆ ಕೂತು, ಮುಂದೆ ಇಳಿಜಾರು ಡೆಸ್ಕಿಟ್ಟು ಕಿರ್ದಿ ಬರೆಯುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಇಳಿಜಾರಿನಿಂದ ಪುಸ್ತಕ ಕಣ್ಣಿನ ಕಡೆಗೆ ಏಳುತ್ತಿತ್ತು, ಕತ್ತು ಬಾಗುವುದು ತಪ್ಪುತ್ತಿತ್ತು. ತಾಸಿಗೆ ನಾಲ್ಕು ಸಲ ಅವರ ಕೂರುವ ಭಂಗಿ ಬದಲಾಗುತ್ತಿತ್ತು: ಚಕ್ಕಳಮಕ್ಕಳ, ಒಂದು ಮೊಣಕಾಲು ಮೇಲೆ, ಲೋಡಿಗೆ ಒರಗಿ. ಮಂಡಿ ನೋಯುವವರಿಗೆ ಗಾದಿ ಆಗದು ನಿಜ, ಆದರೆ ದೇಹ ಹೊರಳಲು ಅದರಲ್ಲಿ ಜಾಗವಿತ್ತು. ಆಮೇಲೆ ಬಂದ ಸರ್ಕಾರಿ ಕುರ್ಚಿಗೂ ಒಂದು ಗುಣವಿತ್ತು. ಅದರ ಬೆನ್ನು, ಸೀಟು ಎರಡೂ ಬೆತ್ತದ ಹೆಣಿಗೆ, ಬೆವರಿನ ಬೆನ್ನಿಗೆ ಗಾಳಿ ಆಡುತ್ತಿತ್ತು. ಅದರ ಬದಲಿಗೆ ಬಂದ ರೆಗ್ಝಿನ್ ಮತ್ತು ಪ್ಲಾಸ್ಟಿಕ್ಕು ನಮ್ಮ ಹವೆಗೆ ಹಿಡಿಸುವ ವಸ್ತುಗಳೇ ಅಲ್ಲ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಾಗ ದೇಶವೇ ಕರ್ನಾಟಕದ ಕಡೆ ನೋಡಿತು. ಅಲ್ಲಿಂದೀಚೆ ಇ–ಸ್ವತ್ತು, ಪಂಚತಂತ್ರ ಎಂದು ತಂತ್ರಾಂಶಗಳು ಒಂದಾದ ಮೇಲೊಂದು ಬಂದವು. ಮೇಜು ಮಾತ್ರ ಲೆಡ್ಜರ್ ಬರೆಯಲೆಂದು ಮಾಡಿದ ಎರಡೂವರೆ ಅಡಿಯದೇ. ಬರೆಯುವ ಕೈಗೆ ಅದು ಸರಿ. ಕೀಲಿಮಣೆ ಮೊಣಕೈಯ ಮಟ್ಟದಲ್ಲಿರಬೇಕು, ಐದಡಿಯ ಹುಡುಗಿಗೆ ಈ ಮೇಜು ಎತ್ತರವಾಗಿ ಭುಜ ಏರಿಯೇ ಇರುತ್ತದೆ. ಕುರ್ಚಿ ಎತ್ತರಿಸಿದರೆ ಕಾಲು ನೆಲ ಮುಟ್ಟುವುದಿಲ್ಲ. ದಿನಕ್ಕೆ ಏಳು ತಾಸು, ವರ್ಷಕ್ಕೆ ವರ್ಷ.

ನನಗೆ ತಡೆಯಲಾಗದ ಸಿಟ್ಟು ಬರುವುದು ಇಲ್ಲಿ. ಎತ್ತರದ ಬೆನ್ನಿನ, ಗಾಲಿಯ, ಮೇಲೆ ಬಿಳಿ ಟವೆಲ್ ಹೊದಿಸಿದ ಕುರ್ಚಿ ಎ.ಸಿ. ಕೋಣೆಯಲ್ಲಿದೆ. ಅದರಲ್ಲಿ ಕೂರಬೇಕಾದವರು ಸಭೆ, ಸ್ಥಳ ಪರಿಶೀಲನೆ ಎಂದು ಅರ್ಧ ದಿನ ಹೊರಗಿರುತ್ತಾರೆ, ಅದು ಅವರ ಕೆಲಸ. ಇಡೀ ದಿನ ಅಲ್ಲಾಡದೆ ಕೂರುವವಳಿಗೆ ಪ್ಲಾಸ್ಟಿಕ್ ಕುರ್ಚಿ. ನಮ್ಮ ಕಚೇರಿಗಳಲ್ಲಿ ಸೌಖ್ಯ ಹಂಚಿಕೆಯಾಗುವುದು ಹುದ್ದೆಯ ಲೆಕ್ಕದಲ್ಲಿ. ಕರೆಂಟು ವ್ಯರ್ಥವಾಗುವುದಕ್ಕೂ ಬೆನ್ನು ಸವೆಯುವುದಕ್ಕೂ ಈ ಲೆಕ್ಕವೇ ಕಾರಣ: ಖಾಲಿ ಕೋಣೆ ತಣ್ಣಗಿರುತ್ತದೆ, ತುಂಬಿದ ಕೋಣೆ ಕಾಯುತ್ತದೆ. ಹೊರಗಿನಿಂದ ಬರುವವರ ದೇಹವಂತೂ ಯಾರ ಲೆಕ್ಕಕ್ಕೂ ಇಲ್ಲ. ಅರ್ಜಿ ಕೊಡುವ ಕಿಂಡಿಯನ್ನು ಒಳಗಿನ ಮೇಜಿನ ಮಟ್ಟಕ್ಕೆ ಕೊರೆದಿದ್ದಾರೆ. ಪಿಂಚಣಿ ಕೇಳಲು ಬಂದ ಮುದುಕಿ ಸೊಂಟ ಬಗ್ಗಿಸಿ, ಕಬ್ಬಿಣದ ಸರಳಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದಳು. ಕಿಂಡಿಯ ಹೊರಗೆ ಒಂದು ಸ್ಟೂಲು ಇಟ್ಟಿದ್ದರೆ ಆಕೆ ಕೂತು ಮಾತಾಡುತ್ತಿದ್ದಳು.

ಮೂರನೆಯ ದಿನ ಕಾಗದ ಸಿಗುವುದಕ್ಕೆ ಕಾಯುತ್ತ ಆ ಹುಡುಗಿಯ ಮೇಜನ್ನು ಸರಿಯಾಗಿ ನೋಡಿದೆ. ಮಾನಿಟರಿನ ಕೆಳಗೆ ಹಳೆಯ ಕಡತಗಳ ಎರಡು ಗಂಟು, ಸ್ಕ್ರೀನಿನ ಮೇಲಂಚು ಅವಳ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಕಾಲ ಕೆಳಗೆ ಬಟ್ಟೆ ಸುತ್ತಿದ ಎರಡು ಇಟ್ಟಂಗಿ. ಯಾವ ಕೈಪಿಡಿಯೂ ಇದಕ್ಕಿಂತ ಬೇರೆ ಹೇಳುವುದಿಲ್ಲ. 'ಯಾರು ಹೇಳಿಕೊಟ್ರು?' ಎಂದೆ. 'ಕುತ್ತಿಗಿ ಹೇಳಿಕೊಡ್ತ್ರೀ' ಎಂದಳು.

ಅವಳೊಬ್ಬಳಿಂದ ಆಗದಿದ್ದದ್ದು ಒಂದೇ, ಆ ತೂಕದ ಮೇಜು ಸರಿಸುವುದು. ಜವಾನರೊಬ್ಬರನ್ನೂ ಸರದಿಯಲ್ಲಿದ್ದ ಇಬ್ಬರು ರೈತರನ್ನೂ ಕರೆದು, ನಾಲ್ಕೂ ಜನ ಹಿಡಿದು ಮೇಜನ್ನು ಕಾಲು ಸುತ್ತು ತಿರುಗಿಸಿದೆವು. ಕಿಟಕಿ ಈಗ ಅವಳ ಎಡಕ್ಕೆ ಬಂತು. ಪರದೆ ಸರಿಸಿ, ಕೂತು, ಸ್ಕ್ರೀನನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಹೋಗಿ ಟ್ಯೂಬ್‌ಲೈಟ್ ಆರಿಸಿದಳು.