ಸದ್ದಿಗೆ ಕೊಟ್ಟ ದುಡ್ಡು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಬರುವ ಹುಡುಗರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಇದು ಹಾಕಿದ್ರೆ ಪಿಕಪ್ ಎಷ್ಟು ಜಾಸ್ತಿ ಆಗುತ್ತೆ?’ ಕೌಂಟರಿನ ಆಚೆ ನಿಂತವರು ಅಂಕಿಯಲ್ಲಿ ಉತ್ತರ ಕೊಡುವುದು ಅಪರೂಪ. ಸೈಲೆನ್ಸರನ್ನು ಎತ್ತಿ ಕೈಗಿಡುತ್ತಾರೆ, ಎಷ್ಟು ಹಗುರ ನೋಡಿ ಎನ್ನುತ್ತಾರೆ, ಫೋನಿನಲ್ಲಿ ಅದರ ಸದ್ದು ಕೇಳಿಸುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿಯಿತು. ಫ್ರೀ ಫ್ಲೋ ಸೈಲೆನ್ಸರ್, ತೊಳೆದು ಮತ್ತೆ ಬಳಸಬಹುದಾದ ಹತ್ತಿಯ ಏರ್ ಫಿಲ್ಟರ್, ಇಂಧನದ ಪ್ರಮಾಣ ತಿದ್ದುವ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ, ಒಳ್ಳೆಯ ಕಂಪನಿಯದೇ ಬೇಕೆಂದರೆ ಈ ಮೂರಕ್ಕೂ ಸೇರಿ ಇಪ್ಪತ್ತೈದು ಸಾವಿರ ಸಲೀಸಾಗಿ ದಾಟುತ್ತದೆ.

ಅಷ್ಟು ದುಡ್ಡಿಗೆ ಸಿಗುವುದೇನು? ರಾಯಲ್ ಎನ್‌ಫೀಲ್ಡಿನ ಈಗಿನ ಕ್ಲಾಸಿಕ್ 350ರ ಎಂಜಿನ್ 349 ಸಿಸಿಯದು, ಶಕ್ತಿ 20.2 ಬಿಎಚ್‌ಪಿ. ಉದಾರವಾಗಿ ಲೆಕ್ಕ ಹಾಕಿ, ಶೇ 10ರಷ್ಟು ಶಕ್ತಿ ಹೆಚ್ಚಿತು ಎಂದೇ ಇಟ್ಟುಕೊಳ್ಳೋಣ. ವೇಗ ಏರಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಹಾಗಾಗಿ ಗಂಟೆಗೆ 115 ಕಿ.ಮೀ. ಓಡುತ್ತಿದ್ದ ಬೈಕು ಶೇ 10ರಷ್ಟು ಹೆಚ್ಚಿನ ಶಕ್ತಿಯಲ್ಲಿ ಮುಟ್ಟುವುದು 119ರ ಆಸುಪಾಸು. ಇಪ್ಪತ್ತೈದು ಸಾವಿರಕ್ಕೆ ನಾಲ್ಕು ಕಿಲೋಮೀಟರ್! ಅದನ್ನು ಓಡಿಸಿ ನೋಡಲು ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಹೋಗೋಣವೆಂದರೆ, 2023ರ ಆಗಸ್ಟ್ 1ರಿಂದ ಅಲ್ಲಿ ಬೈಕುಗಳಿಗೆ ಪ್ರವೇಶವೇ ಇಲ್ಲ.

ಆದರೂ ಸೈಲೆನ್ಸರ್ ಬದಲಿಸಿದರೆ ಗಾಡಿ ಹಾರುತ್ತದೆ ಎಂಬ ನಂಬಿಕೆ ಗಾಳಿಮಾತಲ್ಲ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 1985ರಲ್ಲಿ ಬಂದು 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100ರದು 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ಫೋರ್ ಸ್ಟ್ರೋಕ್‌ನಂತೆ ಸಿಲಿಂಡರ್ ಹೆಡ್ಡಿನಲ್ಲಿ ಕೂರುವ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹೊಗೆ ಹೊರಬೀಳುವಾಗ ಅದರ ಬೆನ್ನಿಗೇ ಸ್ವಲ್ಪ ಹೊಸ ಪೆಟ್ರೋಲು–ಗಾಳಿಯೂ ಆಚೆ ಹೋಗಿಬಿಡುತ್ತದೆ. ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಶನ್ ಚೇಂಬರನ್ನು ಸರಿಯಾದ ಅಳತೆಗೆ ಮಾಡಿದ್ದರೆ, ಒತ್ತಡದ ಅಲೆ ಅದರ ಕೊನೆಗೆ ಬಡಿದು ಹಿಂದಿರುಗಿ, ತಪ್ಪಿಸಿಕೊಂಡದ್ದನ್ನು ಸಿಲಿಂಡರಿನೊಳಕ್ಕೇ ದಬ್ಬುತ್ತದೆ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಎಂಬುದು ಹೀಗೆ ಅರ್ಧ ಎಂಜಿನ್ನೇ.

ಈ ಕಿಂಡಿಗಳನ್ನು ತಿದ್ದುವ ಪೋರ್ಟಿಂಗ್ ಬಲ್ಲ ಹಳೆಯ ಮೆಕ್ಯಾನಿಕ್ಕು ಕೆಲಸ ಮಾಡುವುದನ್ನು ನೋಡಬೇಕು. ಸಿಲಿಂಡರ್ ಬಿಚ್ಚಿ, ಒಳಗೆ ಕಾಗದ ಒತ್ತಿ, ಬೆರಳಿಂದ ಉಜ್ಜಿ ಕಿಂಡಿಗಳ ಅಚ್ಚು ತೆಗೆಯುತ್ತಾನೆ. ವರ್ನಿಯರ್ ಹಿಡಿದು ಅಳೆದು, ಹೊಗೆಯ ಕಿಂಡಿಯ ಮೇಲಂಚನ್ನು ಅರ್ಧ ಮಿಲಿಮೀಟರಿನಷ್ಟು ಸವೆಸುತ್ತಾನೆ, ಮತ್ತೆ ಅಳೆಯುತ್ತಾನೆ. ಎಲ್ಲ ಜೋಡಿಸಿ ಒಂದು ಸುತ್ತು ಜೋರಾಗಿ ಓಡಿಸಿ ಬಂದು ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾನೆ: ಕಂದಾಗಿದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ, ಪಿಸ್ಟನ್ ಸೀಜ್ ಆಗುವ ಭಯ. ಇಷ್ಟು ಮಾಡಿದ ಗಾಡಿ ನಿಜಕ್ಕೂ ಬದಲಾಗುತ್ತಿತ್ತು. ಜೊತೆಗೆ ಮೈಲೇಜೂ ಬೀಳುತ್ತಿತ್ತು, ಕಡಿಮೆ ಆರ್‌ಪಿಎಂನಲ್ಲಿ ಎಳೆತವೂ ಸೊರಗುತ್ತಿತ್ತು. ಆದರೆ ಕೊಟ್ಟ ದುಡ್ಡಿಗೆ ಮೋಸವಿರಲಿಲ್ಲ.

ಆ ಎಂಜಿನ್ ಹೋಯಿತು, ನಂಬಿಕೆ ಮಾತ್ರ ಉಳಿಯಿತು. ಇಂದಿನ ಮಾರುಕಟ್ಟೆ ಬದುಕುತ್ತಿರುವುದೇ ಈ ಉಳಿಕೆಯ ಮೇಲೆ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಪೆಟ್ರೋಲ್ ಬೈಕುಗಳೆಲ್ಲ ಬಿಎಸ್ 6 ಹೊಗೆ ನಿಯಮದವು. ಅವುಗಳಲ್ಲಿ ಹೆಚ್ಚಿನವುಗಳ ಹೊಗೆಯ ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಎಂಜಿನ್ ಉಸಿರಾಟವನ್ನು ಅಳೆಯುತ್ತಿರುತ್ತದೆ; ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಅದಕ್ಕೆ ತಕ್ಕಂತೆ, ಒಂದೇ ಹದದಲ್ಲಿ ಓಡುವಾಗ ಗಾಳಿ–ಪೆಟ್ರೋಲಿನ ಅನುಪಾತವನ್ನು 14.7ಕ್ಕೆ 1ರ ಸುತ್ತ ಹಿಡಿದಿಡುತ್ತದೆ. ಹೆಚ್ಚು ಗಾಳಿ ಬಿಡುವ ಫಿಲ್ಟರ್ ಹಾಕಿದರೂ ಇಸಿಯು ತಿದ್ದಿಕೊಂಡು ಹಳೆಯ ಹದಕ್ಕೇ ಮರಳುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಇಸಿಯು ಸೆನ್ಸರಿನ ಮಾತು ಬಿಟ್ಟು ಕಾರ್ಖಾನೆಯಲ್ಲಿ ಬರೆದಿಟ್ಟ ಲೆಕ್ಕ ಹಿಡಿಯುತ್ತದೆ. ಆ ಲೆಕ್ಕ ಬರೆದದ್ದು ಹಳೆಯ ಸೈಲೆನ್ಸರಿಗೆ! ಕಿವಿ ಮಾತ್ರ ಶಕ್ತಿ ಬಂದಿದೆ ಎಂದು ಸಾಕ್ಷಿ ಹೇಳುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಪಟಾಕಿ ಹೊಡೆಯುವುದು, ಸುಡದೆ ಉಳಿದ ಪೆಟ್ರೋಲು ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳುವ ಸದ್ದು. ಅದನ್ನೂ ಸಾಮರ್ಥ್ಯ ಎಂದು ಮಾರುವವರ ಧೈರ್ಯ ಮೆಚ್ಚಬೇಕು.

ಇಂಧನ ತಿದ್ದುವ ಪೆಟ್ಟಿಗೆಯ ವಿಷಯ ಸ್ವಲ್ಪ ಬೇರೆ. ಬೆಂಗಳೂರಿನದೇ ಆದ ರೇಸ್ ಡೈನಮಿಕ್ಸ್ ಇಂಥವನ್ನು ತಯಾರಿಸುತ್ತದೆ. ಹೊಗೆಯ ನಿಯಮಕ್ಕಾಗಿ ಪೆಟ್ರೋಲು ಕಡಿಮೆ ಕುಡಿಯುವಂತೆ ಮಾಡಿದ ಬೈಕುಗಳು ಟ್ರಾಫಿಕ್ಕಿನಲ್ಲಿ ನಿಧಾನವಾಗಿ ಹೋಗುವಾಗ ಜಗ್ಗುವುದುಂಟು. ಪೆಟ್ಟಿಗೆ ಆ ಜಗ್ಗಾಟವನ್ನು ಕಡಿಮೆ ಮಾಡುತ್ತದೆ. ವೇಗಕ್ಕೆಂದು ಕೊಂಡವರಿಗೆ ನಿರಾಸೆ, ನಯಕ್ಕೆಂದು ಕೊಂಡವರಿಗೆ ತೃಪ್ತಿ.

ಪಿಕಪ್ಪೇ ಬೇಕೆಂದರೆ ಅಗ್ಗದ ದಾರಿಯೊಂದಿದೆ, ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ. ಮುಂದಿನ ಸ್ಪ್ರಾಕೆಟ್ 15 ಹಲ್ಲಿನದಿದ್ದರೆ 14ರದನ್ನು ಹಾಕಿದರಾಯಿತು: ಪ್ರತಿ ಗೇರಿನಲ್ಲೂ ಚಕ್ರದ ಎಳೆತ ಶೇ 7ರಷ್ಟು ಹೆಚ್ಚುತ್ತದೆ. ಖರ್ಚು ಕೆಲವು ನೂರು ರೂಪಾಯಿ. ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ಅರಚುತ್ತದೆ, ಘಟ್ಟ ಹತ್ತುವವರಿಗೆ ಅದೊಂದು ತೊಂದರೆಯೇ ಅಲ್ಲ.

ನಿಜವಾದ ಲಾಭವಿರುವುದು ನೆಲಕ್ಕೆ ತಾಗುವ ಕಡೆ. ಮಳೆಗಾಲದ ಆಗುಂಬೆ ಘಾಟಿಯ ತಿರುವಿನಲ್ಲಿ ಒಳ್ಳೆಯ ಟೈರು ಮಾಡುವ ಕೆಲಸವನ್ನು ಯಾವ ಸೈಲೆನ್ಸರೂ ಮಾಡಲಾರದು. ಇಲ್ಲೂ ಒಂದು ಚಟವಿದೆ: ರಿಮ್ ಹಿಡಿಸುವುದಕ್ಕಿಂತ ದಪ್ಪ ಟೈರು ತುರುಕುವುದು. ಕಿರಿದಾದ ರಿಮ್ಮಿನಲ್ಲಿ ಅದು ಅಂಚು ಮಡಚಿ ಗೂನು ಬೀಳುತ್ತದೆ, ಬೈಕು ವಾಲಲು ಹಿಂಜರಿಯುತ್ತದೆ. ಒಳ್ಳೆಯ ಬ್ರೇಕ್ ಪ್ಯಾಡಿಗೆ ಕೊಟ್ಟ ದುಡ್ಡು ದಂಡವಲ್ಲ. ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಮೆತ್ತಗಾದ ಲಿವರ್ ಗಟ್ಟಿಯಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿತವನ್ನು ಸವಾರನ ತೂಕಕ್ಕೆ ಹೊಂದಿಸಲು ಕಾಸೂ ಬೇಡ, ಸ್ಪ್ಯಾನರೊಂದಿದ್ದರೆ ಸಾಕು. ಬಹಳ ಬೈಕುಗಳಲ್ಲಿ ಅದು ಶೋರೂಮ್ ಬಿಟ್ಟಾಗಿನ ಮೆಟ್ಟಿಲಲ್ಲೇ ಕೂತಿರುತ್ತದೆ.

ಸವಾರನ ಮೇಲೆ ಹಾಕುವ ದುಡ್ಡನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಬಿಗ್ ರಾಕ್ ಡರ್ಟ್‌ಪಾರ್ಕ್ ಎಂಬ ತರಬೇತಿ ತಾಣ ಕಟ್ಟಿದರು. ಮಣ್ಣಿನಲ್ಲಿ ಬ್ರೇಕ್ ಹಿಡಿಯುವುದನ್ನು ಅಂಥ ಕಡೆ ಕಲಿತವನು ಅದನ್ನು ಮುಂದಿನ ಬೈಕಿಗೂ ಒಯ್ಯುತ್ತಾನೆ. ಸೈಲೆನ್ಸರ್ ಹಾಗೆ ಬರುವುದಿಲ್ಲ, ಅದರ ಬ್ರಾಕೆಟ್ಟೇ ಬೇರೆ.

ಕಾನೂನಿನ ಖರ್ಚೂ ಇದೆ. ಕಾರ್ಖಾನೆಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಸದ್ದಿಗೆ, ಹೊಗೆಗೆ ಬೇರೆಯೇ ದಂಡವಿದ್ದು, 10,000 ರೂಪಾಯಿವರೆಗೆ ಹೋಗುತ್ತದೆ. ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಚಿತ್ರ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಮಾರುವ ದಿನ ಇನ್ನೊಂದು ಲೆಕ್ಕ ಎದುರಾಗುತ್ತದೆ. ಹಾಕಿಸಿದ ಭಾಗಗಳಿಗೆ ಸೆಕೆಂಡ್ ಹ್ಯಾಂಡ್ ದಲ್ಲಾಳಿ ನಯಾಪೈಸೆ ಸೇರಿಸುವುದಿಲ್ಲ. ‘ಕಂಪನಿ ಸೈಲೆನ್ಸರ್ ಇದೆಯಾ?’ ಎಂದು ಕೇಳುತ್ತಾನೆ, ಇಲ್ಲವೆಂದರೆ ಬೆಲೆ ಇಳಿಸುತ್ತಾನೆ.